ಸೂರ್ಯ ಹತ್ತಿರವಿದ್ದಾಗಲೇ ಚಳಿ ಏಕೆ? ಹಗಲು ಬೆಳೆಯುವುದು ಯಾವಾಗಿನಿಂದ?

ಪ್ರಶ್ನೆ: ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಸಮೀಪದಲ್ಲಿರುತ್ತದೆ ಎಂದು ಮಗಳ ಪುಸ್ತಕದಲ್ಲಿ ಓದಿದೆ. ಹಾಗಿದ್ದರೆ ಆಗಲೇ ಚಳಿ ಏಕೆ? ಡಿಸೆಂಬರ್ 21ರ ಹಗಲೇ ವರ್ಷದಲ್ಲಿ ಅತಿ ಚಿಕ್ಕದು ಎನ್ನುತ್ತಾರೆ. ಆದರೆ ಇಲ್ಲಿ ಬೆಂಗಳೂರಿನಲ್ಲಿ ಜನವರಿ ಮುಗಿಯುತ್ತ ಬಂದರೂ ಬೆಳಗಾಗುವುದು ತಡವಾಗುತ್ತಲೇ ಹೋಗುತ್ತದೆ. ನಮ್ಮ ತಾಯಿಯವರು ಹಗಲು ಬೆಳೆಯುವುದೇನಿದ್ದರೂ ಸಂಕ್ರಾಂತಿಯಿಂದ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ನೀವು ಓದಿದ್ದೂ ಸರಿ, ಕಂಡದ್ದೂ ಸರಿ. ನಿಮ್ಮ ತಾಯಿಯವರ ಮಾತಿನಲ್ಲೂ ಹುರುಳಿದೆ. ಮೂರೂ ಒಂದಕ್ಕೊಂದು ಹೊಂದುವುದಿಲ್ಲ ಎನಿಸುವುದಕ್ಕೆ ಕಾರಣ, ಋತುಗಳ ಬಗ್ಗೆ ನಾವೆಲ್ಲ ಶಾಲೆಯಲ್ಲಿ ಕಲಿಯುವ ಪಾಠ ಯುರೋಪಿನಂಥ ಎತ್ತರದ ಅಕ್ಷಾಂಶಗಳಿಗೆ ಚೆನ್ನಾಗಿ ಒಪ್ಪುವ ಪಾಠ. ಅಲ್ಲಿ ಭೂಮಿಯ ಅಕ್ಷದ ವಾಲಿಕೆಯ ಪರಿಣಾಮ ಎಷ್ಟು ದೊಡ್ಡದೆಂದರೆ ಉಳಿದ ಸಣ್ಣಪುಟ್ಟ ಕಾರಣಗಳೆಲ್ಲ ಅದರಡಿ ಮುಚ್ಚಿಹೋಗುತ್ತವೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರದಲ್ಲಿ. ಇಲ್ಲಿ ವಾಲಿಕೆಯ ಆಟ ಮಿತವಾದ್ದರಿಂದ ಕಕ್ಷೆಯ ಅಂಡಾಕಾರ, ಭೂಮಿಯ ವೇಗದ ಏರಿಳಿತ, ಮುಂಗಾರಿನ ಮೋಡ ಇವೆಲ್ಲ ನೇರವಾಗಿ ಕಣ್ಣಿಗೆ ಬೀಳುತ್ತವೆ. ಸ್ವಲ್ಪ ಗಮನವಿಟ್ಟು ನೋಡುವವರಿಗೆ ಇದು ತೊಡಕಲ್ಲ, ಅನುಕೂಲ.

ಮೊದಲು ಹತ್ತಿರ ದೂರದ ವಿಷಯ. ಜನವರಿ 3ರಿಂದ 5ರ ಆಸುಪಾಸಿನಲ್ಲಿ ಭೂಮಿ ಸೂರ್ಯನಿಂದ ಸುಮಾರು 14.71 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತದೆ, ಜುಲೈ ಮೊದಲ ವಾರದಲ್ಲಿ 15.21 ಕೋಟಿ. ಐವತ್ತು ಲಕ್ಷ ಕಿಲೋಮೀಟರ್ ವ್ಯತ್ಯಾಸ ಎಂದರೆ ಕೇಳುವುದಕ್ಕೆ ದೊಡ್ಡದು, ಒಟ್ಟು ದೂರದಲ್ಲಿ ಅದು ಶೇಕಡಾ ಮೂರಕ್ಕಿಂತ ತುಸು ಹೆಚ್ಚು. ಭೂಮಿಗೆ ತಲುಪುವ ಬಿಸಿಲಿನಲ್ಲಿ ಇದರಿಂದ ಆಗುವ ಹೆಚ್ಚುಕಡಿಮೆ ಸುಮಾರು ಶೇಕಡಾ 7.

ಪಠ್ಯಪುಸ್ತಕಗಳಲ್ಲಿ ಭೂಮಿಯ ಕಕ್ಷೆಯನ್ನು ಕೋಳಿಮೊಟ್ಟೆಯ ಆಕಾರದಲ್ಲಿ ಬರೆದಿರುತ್ತಾರಲ್ಲ, ನನ್ನ ತಕರಾರು ಆ ಚಿತ್ರದ ಮೇಲೆ. ಕೈವಾರ ತೆಗೆದುಕೊಂಡು 10 ಸೆಂಟಿಮೀಟರ್ ವ್ಯಾಸದ ವೃತ್ತ ಎಳೆಯಲು ಮಗಳಿಗೆ ಹೇಳಿ. ಅದೇ ಭೂಮಿಯ ಕಕ್ಷೆ. ನಿಜವಾದ ಕಕ್ಷೆಯನ್ನು ಈ ಅಳತೆಯಲ್ಲಿ ಬರೆದರೆ ಅದರ ಉದ್ದಕ್ಕೂ ಅಗಲಕ್ಕೂ ಇರುವ ವ್ಯತ್ಯಾಸ 0.014 ಮಿಲಿಮೀಟರ್. ಪೆನ್ಸಿಲಿನ ಗೆರೆಯ ದಪ್ಪವೇ ಅದಕ್ಕಿಂತ ಎಷ್ಟೋ ಹೆಚ್ಚು. ಸೂರ್ಯನನ್ನು ಮಾತ್ರ ನಡುಬಿಂದುವಿನಲ್ಲಿ ಇಡಬಾರದು, ಒಂದು ಮಿಲಿಮೀಟರಿಗಿಂತ ತುಸು ಕಡಿಮೆ ಪಕ್ಕಕ್ಕೆ ಸರಿಸಿ ಇಡಬೇಕು. ಹತ್ತಿರ ದೂರದ ಕಥೆಯೆಲ್ಲ ಆ ಒಂದು ಮಿಲಿಮೀಟರಿನೊಳಗೆ ಇದೆ.

ಋತುಗಳಿಗೆ ದೂರವೇ ಕಾರಣವಾಗಿದ್ದರೆ ಜನವರಿಯಲ್ಲಿ ಇಡೀ ಭೂಮಿಗೆ ಒಟ್ಟಿಗೆ ಬೇಸಿಗೆ ಬರಬೇಕಿತ್ತು. ಆಸ್ಟ್ರೇಲಿಯಾದಲ್ಲಿರುವ ನೆಂಟರಿಗೆ ಫೋನ್ ಮಾಡಿದವರಿಗೆಲ್ಲ ಗೊತ್ತು, ಇಲ್ಲಿ ಸ್ವೆಟರ್ ಹಾಕುವ ಕಾಲಕ್ಕೆ ಅಲ್ಲಿ ಸೆಕೆ. ಎರಡು ಗೋಳಾರ್ಧಗಳಲ್ಲಿ ಋತುಗಳು ತಿರುವುಮುರುವಾಗಿರುವುದನ್ನು ದೂರದ ಲೆಕ್ಕದಿಂದ ವಿವರಿಸಲು ಬರುವುದೇ ಇಲ್ಲ. ಅದಕ್ಕೆ ಕಾರಣ ಅಕ್ಷದ ವಾಲಿಕೆ.

ಭೂಮಿಯ ಅಕ್ಷ ಅದರ ಕಕ್ಷೆಯ ಸಮತಲಕ್ಕೆ ನೆಟ್ಟಗೆ ನಿಂತಿಲ್ಲ, 23.4 ಡಿಗ್ರಿ ವಾಲಿದೆ. ವಾಲಿಕೆಯಷ್ಟೇ ಮುಖ್ಯವಾದದ್ದು, ಅನೇಕರು ಮರೆಯುವುದು ಇನ್ನೊಂದಿದೆ. ವರ್ಷವಿಡೀ ಅಕ್ಷ ಒಂದೇ ದಿಕ್ಕಿಗೆ, ಧ್ರುವನಕ್ಷತ್ರದ ಕಡೆಗೆ, ಮುಖ ಮಾಡಿರುತ್ತದೆ. ಭೂಮಿ ಜೂನ್‌ನಲ್ಲಿ ಒಂದು ಕಡೆಗೆ, ಡಿಸೆಂಬರ್‌ನಲ್ಲಿ ಇನ್ನೊಂದು ಕಡೆಗೆ ವಾಲುವುದಿಲ್ಲ. ವಾಲಿಕೆ ಇದ್ದಲ್ಲೇ ಇರುತ್ತದೆ, ಭೂಮಿ ಸೂರ್ಯನ ಆಚೆ ಬದಿಗೆ ಹೋಗಿರುತ್ತದೆ, ಅಷ್ಟೆ. ಆದ್ದರಿಂದ ಜೂನ್‌ನಲ್ಲಿ ಉತ್ತರ ಗೋಳಾರ್ಧ ಸೂರ್ಯನಿಗೆ ಎದುರಾದರೆ ಡಿಸೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧ ಎದುರಾಗುತ್ತದೆ.

ಇದರ ಫಲವನ್ನು ಬೆಂಗಳೂರಿನ ನೆಲದ ಮೇಲೆ ನೋಡೋಣ. ಡಿಸೆಂಬರ್ 21ರ ನಡುಹಗಲಿನಲ್ಲಿ ಸೂರ್ಯ ದಕ್ಷಿಣ ದಿಗಂತದಿಂದ ಸುಮಾರು 53½ ಡಿಗ್ರಿ ಎತ್ತರದಲ್ಲಿರುತ್ತಾನೆ. ಒಂದು ಚದರ ಮೀಟರ್ ಅಗಲದ ಬಿಸಿಲು ಓರೆಯಾಗಿ ಬಿದ್ದು ಸುಮಾರು 1.24 ಚದರ ಮೀಟರ್ ನೆಲಕ್ಕೆ ಹಂಚಿಹೋಗುತ್ತದೆ. ದೆಹಲಿಯಲ್ಲಿ ಅದೇ ದಿನ ಸೂರ್ಯನ ಎತ್ತರ 38 ಡಿಗ್ರಿ ಮಾತ್ರ, ಅಷ್ಟೇ ಬಿಸಿಲು 1.6 ಚದರ ಮೀಟರಿಗೆ ಹರಡುತ್ತದೆ. ಜೊತೆಗೆ ಹಗಲೂ ಕುಗ್ಗುತ್ತದೆ. ಬೆಂಗಳೂರಿನ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 22 ನಿಮಿಷ, ಅತಿ ದೊಡ್ಡದು 12 ಗಂಟೆ 53 ನಿಮಿಷ. ಒಂದೂವರೆ ಗಂಟೆಯ ಅಂತರ. ದೆಹಲಿಯಲ್ಲಿ ಈ ಅಂತರ ಮೂರೂವರೆ ಗಂಟೆಗೂ ಹೆಚ್ಚು, ಲಂಡನ್ನಿನಲ್ಲಿ ಒಂಬತ್ತು ಗಂಟೆಯ ಹತ್ತಿರ.

ಎರಡನ್ನೂ ಸೇರಿಸಿ, ಭೂಮಿ ಹತ್ತಿರವಿರುವುದರ ಲಾಭವನ್ನೂ ಕೂಡಿಸಿ ಲೆಕ್ಕ ಹಾಕಿದರೆ, ವಾಯುಮಂಡಲದ ಮೇಲಂಚಿಗೆ ದಿನಕ್ಕೆ ತಲುಪುವ ಬಿಸಿಲು ಜೂನ್ 21ಕ್ಕಿಂತ ಡಿಸೆಂಬರ್ 21ಕ್ಕೆ ಬೆಂಗಳೂರಿನ ಮೇಲೆ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚೇ ಕಡಿಮೆ. ದೆಹಲಿಯ ಮೇಲೆ ಅದು ಸರಿಯಾಗಿ ಅರ್ಧಕ್ಕೆ ಇಳಿಯುತ್ತದೆ. ಶೇಕಡಾ 7ರ ಉಡುಗೊರೆ ಈ ಖೋತಾವನ್ನು ತುಂಬಿಕೊಡಲಾರದು. ಮೊದಲ ಪ್ರಶ್ನೆಗೆ ಇದೇ ಉತ್ತರ. ಚಳಿ ಡಿಸೆಂಬರ್ 21ಕ್ಕೇ ತೀರಿಹೋಗದೆ ಜನವರಿಗೂ ಮುಂದುವರಿಯುವುದಕ್ಕೆ ಕಾರಣ, ನೆಲವೂ ನೀರೂ ಕಳೆದುಕೊಂಡ ಶಾಖವನ್ನು ಮತ್ತೆ ಗಳಿಸಿಕೊಳ್ಳಲು ವಾರಗಟ್ಟಲೆ ಹಿಡಿಯುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂಬ ಮಾತು ಈ ತಡವನ್ನು ಚೆನ್ನಾಗಿಯೇ ಹಿಡಿದಿದೆ.

ಇಲ್ಲಿ ನೀವು ಕೇಳದ ಒಂದು ಪ್ರಶ್ನೆಗೂ ಉತ್ತರಿಸುತ್ತೇನೆ. ಜೂನ್‌ನಲ್ಲಿ ಅಷ್ಟೊಂದು ಬಿಸಿಲು ಸಲ್ಲುವುದಾದರೆ ಬೆಂಗಳೂರಿನ ಕಡುಬೇಸಿಗೆ ಏಪ್ರಿಲ್‌ನಲ್ಲಿ ಏಕೆ? ಕರ್ನಾಟಕ ಸುಮಾರು 11½ರಿಂದ 18½ ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ ಇದೆ. ಸೂರ್ಯ 23.4 ಡಿಗ್ರಿ ಉತ್ತರಕ್ಕೆ ಹೋಗುವ ದಾರಿಯಲ್ಲಿ ನಮ್ಮ ನೆತ್ತಿಯ ಮೇಲೆಯೇ ಹಾದುಹೋಗಿ, ಮರಳುವಾಗ ಮತ್ತೊಮ್ಮೆ ಹಾಯುತ್ತಾನೆ. ಬೆಂಗಳೂರಿನಲ್ಲಿ ಇದು ಏಪ್ರಿಲ್ 24ರ ಮತ್ತು ಆಗಸ್ಟ್ 18ರ ಸುಮಾರಿಗೆ, ಬೀದರಿನಲ್ಲಿ ಮೇ ಎರಡನೇ ವಾರಕ್ಕೆ ಮತ್ತು ಆಗಸ್ಟ್ ಆರಂಭಕ್ಕೆ. ಆ ದಿನ ನಡುಹಗಲಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಶೂನ್ಯ ನೆರಳಿನ ದಿನ ಎಂದು ಪತ್ರಿಕೆಗಳಲ್ಲಿ ಬರುವುದು ಇದೇ. ಈ ಎರಡು ದಿನಾಂಕಗಳ ನಡುವಿನ ಸುಮಾರು ನಾಲ್ಕು ತಿಂಗಳು ಬೆಂಗಳೂರಿನಲ್ಲಿ ನಡುಹಗಲಿನ ಸೂರ್ಯ ಉತ್ತರದಲ್ಲಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ದೆಹಲಿಯವರಿಗೂ ಲಂಡನ್ನಿನವರಿಗೂ ಈ ಭಾಗ್ಯವಿಲ್ಲ.

ನೆತ್ತಿಯ ಮೇಲಿನ ಸೂರ್ಯ, ಒಣಗಿದ ನೆಲ, ಮೋಡವಿಲ್ಲದ ಆಕಾಶ ಒಟ್ಟಿಗೆ ಸೇರಿದಾಗ ಏಪ್ರಿಲ್ ಕುದಿಯುತ್ತದೆ. ಜೂನ್ ಹೊತ್ತಿಗೆ ಮುಂಗಾರು ಬಂದು ಛಾವಣಿ ಹಾಕುತ್ತದೆ. ಆ ಮುಂಗಾರನ್ನು ಎಳೆದು ತರುವುದೂ ಇದೇ ವಾಲಿಕೆ. ಉತ್ತರದ ಭೂಖಂಡ ಕಾದು, ಗಾಳಿ ಮೇಲೇರಿ, ಸಮುದ್ರದ ತೇವ ಒಳನುಗ್ಗುತ್ತದೆ. ಬೆಂಗಳೂರಿನ ಆಗಸ್ಟ್ ತಿಂಗಳ ಹಗಲಿನ ಗರಿಷ್ಠ ಉಷ್ಣಾಂಶ ಜನವರಿಯದಕ್ಕೆ ಹೆಚ್ಚುಕಡಿಮೆ ಸಮವಾಗಿರುವುದು ಹೀಗೆ. ನಾಲ್ಕು ಋತುಗಳ ವಿದೇಶಿ ಚಿತ್ರಪಟವನ್ನು ಇಲ್ಲಿ ಗೋಡೆಗೆ ತಗುಲಿಹಾಕಿದರೆ ಮಕ್ಕಳು ಗೊಂದಲಕ್ಕೆ ಬೀಳದೆ ಇನ್ನೇನು ಮಾಡಿಯಾರು?

ಈಗ ನಿಮ್ಮ ಎರಡನೆಯ ಪ್ರಶ್ನೆ. ನನಗೆ ಬಹಳ ಇಷ್ಟವಾದದ್ದು ಇದು, ಏಕೆಂದರೆ ಹೆಚ್ಚಿನವರು ಇದನ್ನು ಗಮನಿಸುವುದೇ ಇಲ್ಲ.

ಭೂಮಿ ತನ್ನ ಸುತ್ತ ಒಂದು ಪೂರ್ಣ ಸುತ್ತು ತಿರುಗಲು ತೆಗೆದುಕೊಳ್ಳುವುದು 24 ಗಂಟೆಯಲ್ಲ, 23 ಗಂಟೆ 56 ನಿಮಿಷ 4 ಸೆಕೆಂಡು. ಇಂದು ರಾತ್ರಿ ಎಂಟಕ್ಕೆ ಮರದ ತುದಿಯ ಮೇಲೆ ಕಂಡ ನಕ್ಷತ್ರ ನಾಳೆ ಸುಮಾರು ನಾಲ್ಕು ನಿಮಿಷ ಮೊದಲೇ ಅಲ್ಲಿಗೆ ಬಂದಿರುತ್ತದೆ. ಆದರೆ ಆ ಒಂದು ಸುತ್ತಿನೊಳಗೆ ಭೂಮಿ ಕಕ್ಷೆಯಲ್ಲಿ ಸುಮಾರು ಒಂದು ಡಿಗ್ರಿ ಮುಂದೆ ಸಾಗಿರುವುದರಿಂದ, ಸೂರ್ಯನನ್ನು ಮತ್ತೆ ಅದೇ ಜಾಗದಲ್ಲಿ ಕಾಣಲು ಇನ್ನೂ ಸ್ವಲ್ಪ ತಿರುಗಬೇಕು. ಆ ಹೆಚ್ಚಿನ ನಾಲ್ಕು ನಿಮಿಷ ಸೇರಿ 24 ಗಂಟೆ. ವರ್ಷಕ್ಕೆ ಹಗಲುರಾತ್ರಿಗಳು 365¼ರಷ್ಟು ಆದರೆ ಭೂಮಿ ತಿರುಗುವ ಸುತ್ತುಗಳು 366¼ರಷ್ಟು.

ಆ ಹೆಚ್ಚುವರಿ ನಾಲ್ಕು ನಿಮಿಷ ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಸೂರ್ಯನಿಗೆ ಹತ್ತಿರವಿದ್ದಾಗ ಭೂಮಿ ಕಕ್ಷೆಯಲ್ಲಿ ಸೆಕೆಂಡಿಗೆ 30.3 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ, ದೂರವಿದ್ದಾಗ 29.3. ಹೀಗಾಗಿ ಜನವರಿಯ ಆಸುಪಾಸಿನಲ್ಲಿ ದಿನಕ್ಕೆ ಹೆಚ್ಚು ಮುಂದೆ ಸಾಗಿ, ಹೆಚ್ಚು ತಿರುಗಬೇಕಾಗುತ್ತದೆ. ವಾಲಿಕೆಯದೂ ಒಂದು ಪಾಲಿದೆ. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಆಕಾಶದಲ್ಲಿ ಸೂರ್ಯನ ದಿನದಿನದ ಸರಿತದ ಒಂದಂಶ ಉತ್ತರ ದಕ್ಷಿಣಕ್ಕೆ ವ್ಯಯವಾದರೆ, ಜೂನ್ ಮತ್ತು ಡಿಸೆಂಬರಿನಲ್ಲಿ ಅಷ್ಟೂ ಪೂರ್ವಕ್ಕೇ ಆಗುತ್ತದೆ. ಡಿಸೆಂಬರ್ ಕೊನೆಗೆ ಎರಡೂ ಕಾರಣಗಳು ಒಂದೇ ಕಡೆಗೆ ಎಳೆಯುತ್ತವೆ. ಆಗ ಒಂದು ನಡುಹಗಲಿನಿಂದ ಮುಂದಿನ ನಡುಹಗಲಿಗೆ 24 ಗಂಟೆ 30 ಸೆಕೆಂಡು ಹಿಡಿಯುತ್ತದೆ. ಗಡಿಯಾರ ಮಾತ್ರ 24 ಗಂಟೆಗೆ ಕಟ್ಟುಬಿದ್ದಿದೆ. ಪರಿಣಾಮವಾಗಿ ಗಡಿಯಾರದ ಲೆಕ್ಕದಲ್ಲಿ ನಡುಹಗಲು ದಿನಕ್ಕೆ ಅರ್ಧ ನಿಮಿಷದಂತೆ ತಡವಾಗುತ್ತ ಹೋಗುತ್ತದೆ.

ಭಾರತೀಯ ಕಾಲಮಾನ 82½ ಡಿಗ್ರಿ ಪೂರ್ವ ರೇಖಾಂಶದ್ದು, ಬೆಂಗಳೂರು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದೆ. ಹಾಗಾಗಿ ನಮ್ಮ ನಡುಹಗಲು ಸರಾಸರಿ 12 ಗಂಟೆ 20 ನಿಮಿಷಕ್ಕೆ. ಆದರೆ ನವೆಂಬರ್ ಆರಂಭದಲ್ಲಿ ಅದು 12.03ಕ್ಕೇ ಬರುತ್ತದೆ, ಫೆಬ್ರವರಿ ಎರಡನೇ ವಾರದಲ್ಲಿ 12.34ಕ್ಕೆ. ಅರ್ಧ ಗಂಟೆಯ ಸರಿತ.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಹಗಲು ಬೆಳೆಯುವುದು ದಿನಕ್ಕೆ ಕೆಲವೇ ಸೆಕೆಂಡು. ನಡುಹಗಲು ಜಾರುವುದು ಅರ್ಧ ನಿಮಿಷ. ಇಡೀ ಹಗಲೇ ಗಡಿಯಾರದ ಮೇಲೆ ಮುಂದಕ್ಕೆ ಸರಿಯುತ್ತಿರುವಾಗ ಸೂರ್ಯ ಹುಟ್ಟುವುದೂ ತಡ, ಮುಳುಗುವುದೂ ತಡ. ಸುಮಾರು ಲೆಕ್ಕ ಹೀಗಿದೆ: ಬೆಂಗಳೂರಿನಲ್ಲಿ ಅತಿ ಬೇಗ ಸಂಜೆಯಾಗುವುದು ನವೆಂಬರ್ 20ರ ಸುಮಾರಿಗೆ, 5.50ಕ್ಕೆ. ಡಿಸೆಂಬರ್ 21ಕ್ಕೆ ಸೂರ್ಯೋದಯ 6.37, ಸೂರ್ಯಾಸ್ತ 5.59. ಅತಿ ತಡವಾಗಿ ಬೆಳಗಾಗುವುದು ಜನವರಿ 25ರ ಆಸುಪಾಸಿನಲ್ಲಿ, 6.46ಕ್ಕೆ. ಆಮೇಲಷ್ಟೇ ಹಗಲಿನ ಬೆಳವಣಿಗೆ ಈ ಜಾರಿಕೆಯನ್ನು ಮೀರಿಸುತ್ತದೆ. ಲಂಡನ್ನಿನಲ್ಲಿ ಅತಿ ತಡದ ಸೂರ್ಯೋದಯ ವರ್ಷದ ಕೊನೆಗೇ ಮುಗಿದುಹೋಗುತ್ತದೆ, ಏಕೆಂದರೆ ಅಲ್ಲಿ ಹಗಲು ದಾಪುಗಾಲು ಹಾಕುತ್ತ ಬೆಳೆಯುತ್ತದೆ. ನೀವು ಕಂಡದ್ದು ನಿಜ, ನಮ್ಮ ಅಕ್ಷಾಂಶದವರಿಗೇ ಇಷ್ಟು ಸ್ಪಷ್ಟವಾಗಿ ಕಾಣುವಂಥದ್ದು.

ಕಡೆಯದು ತಾಯಿಯವರ ಮಾತು. ಡಿಸೆಂಬರ್ 21ರಿಂದ ಜನವರಿ 14ರವರೆಗೆ ಬೆಂಗಳೂರಿನ ಹಗಲು ಒಟ್ಟು ಬೆಳೆಯುವುದು ಸುಮಾರು ಐದು ನಿಮಿಷ. ಅಷ್ಟನ್ನು ಯಾರು ಗಮನಿಸಿಯಾರು? ಸಂಕ್ರಾಂತಿಯ ನಂತರವೇ ಹಗಲು ಬೆಳೆಯಿತು ಎಂದು ಅನಿಸುವುದು ಸಹಜ. ಆದರೆ ಸೂರ್ಯ ಉತ್ತರಕ್ಕೆ ತಿರುಗುವ ದಿನ ಡಿಸೆಂಬರ್ 21 ಅಥವಾ 22 ಎಂಬುದರಲ್ಲಿ ಚರ್ಚೆಗೆ ಎಡೆಯಿಲ್ಲ.

ಇದಕ್ಕೆ ಬೆಂಗಳೂರಿನಲ್ಲೇ ಒಂದು ಸಾಕ್ಷಿಯಿದೆ. ಗವಿಪುರದ ಗವಿಗಂಗಾಧರೇಶ್ವರ ಗುಹಾದೇವಾಲಯದಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ನೋಡಲು ಜನ ಕಿಕ್ಕಿರಿಯುತ್ತಾರೆ. ಸಂಕ್ರಾಂತಿಯಂದು ಸೂರ್ಯ ಭೂಮಧ್ಯರೇಖೆಯಿಂದ 21 ಡಿಗ್ರಿ ದಕ್ಷಿಣದ ಆಸುಪಾಸಿನಲ್ಲಿರುತ್ತಾನೆ. ನವೆಂಬರ್ 28ರ ಸುಮಾರಿಗೂ ಅವನಿರುವುದು ಅಲ್ಲೇ, ದಕ್ಷಿಣಕ್ಕೆ ಹೋಗುವ ದಾರಿಯಲ್ಲಿ. ಆದ್ದರಿಂದ ಕಿರಣ ಅದೇ ದಾರಿ ಹಿಡಿದು ನವೆಂಬರ್ ಕೊನೆಯಲ್ಲೂ ಗುಹೆಯೊಳಗೆ ಬರುತ್ತದೆ. ಆಗ ಟಿವಿ ಕ್ಯಾಮೆರಾಗಳು ಇರುವುದಿಲ್ಲ. ಸಂಕ್ರಾಂತಿಯೇ ಸೂರ್ಯ ತಿರುಗುವ ದಿನವಾಗಿದ್ದರೆ ಆ ಕಿರಣ ವರ್ಷಕ್ಕೊಮ್ಮೆ, ಆ ದಿನಗಳಲ್ಲಿ ಮಾತ್ರ, ಬರಬೇಕಿತ್ತು.

ಹಾಗಾದರೆ ನಮ್ಮ ಹಿರಿಯರು ಉತ್ತರಾಯಣವನ್ನೂ ಸಂಕ್ರಾಂತಿಯನ್ನೂ ಜೋಡಿಸಿದ್ದು ತಪ್ಪೇ? ಅಲ್ಲ. ಒಂದು ಕಾಲದಲ್ಲಿ ಎರಡೂ ಒಂದೇ ದಿನ ಬರುತ್ತಿದ್ದವು. ಅಕ್ಷ ಒಂದೇ ದಿಕ್ಕಿಗೆ ಮುಖ ಮಾಡಿದೆ ಎಂದೆನಲ್ಲ, ಅದು ಒಂದು ವರ್ಷದ ಮಟ್ಟಿಗೆ ನಿಜ. ಭೂಮಿಯ ನಡು ಸ್ವಲ್ಪ ಉಬ್ಬಿದೆ. ಆ ಉಬ್ಬನ್ನು ಚಂದ್ರ ಮತ್ತು ಸೂರ್ಯ ಎಳೆಯುವುದರಿಂದ ಅಕ್ಷ ತಲೆಯಾಡಿಸುವ ಬುಗುರಿಯಂತೆ ನಿಧಾನವಾಗಿ ದಿಕ್ಕು ಬದಲಿಸುತ್ತದೆ. ಒಂದು ಸುತ್ತಿಗೆ ಸುಮಾರು 25,800 ವರ್ಷ, ಅಂದರೆ 72 ವರ್ಷಕ್ಕೆ ಒಂದು ಡಿಗ್ರಿ. ಋತುಗಳು ಅಕ್ಷವನ್ನು ಹಿಂಬಾಲಿಸುತ್ತವೆ. ಪಂಚಾಂಗದ ರಾಶಿಗಳೋ ನಕ್ಷತ್ರಗಳಿಗೆ ಕಟ್ಟಿಕೊಂಡಿವೆ. ಎರಡರ ನಡುವೆ ಇಂದು ಸುಮಾರು 24 ಡಿಗ್ರಿ ಅಂತರವಿದೆ. ಪಂಚಾಂಗದಲ್ಲಿ ಅಯನಾಂಶ ಎಂದು ನಮೂದಿಸುವುದು ಇದನ್ನೇ. 24ನ್ನು 72ರಿಂದ ಗುಣಿಸಿ. ಸುಮಾರು 1,700 ವರ್ಷಗಳ ಹಿಂದೆ ಸೂರ್ಯ ಮಕರ ರಾಶಿ ಪ್ರವೇಶಿಸಿದ ದಿನವೇ ಉತ್ತರಕ್ಕೆ ತಿರುಗುತ್ತಿದ್ದ. ಇಂದು ತಿರುಗುವುದು ಧನುರ್ಮಾಸ ಶುರುವಾದ ಐದಾರು ದಿನಕ್ಕೇ.

ಹಿಂದಿನವರಿಗೆ ಇದು ತಿಳಿಯದ ಸಂಗತಿಯಾಗಿರಲಿಲ್ಲ. ಆರನೆಯ ಶತಮಾನದ ವರಾಹಮಿಹಿರ, ಹಳೆಯ ಶಾಸ್ತ್ರಗಳಲ್ಲಿ ಉತ್ತರಾಯಣ ಧನಿಷ್ಠಾ ನಕ್ಷತ್ರದ ಆರಂಭಕ್ಕೆ ಎಂದಿದೆ, ಈಗ ಅದು ಮಕರದ ಆರಂಭಕ್ಕೆ ಬಂದಿದೆ, ಸಂಶಯವಿದ್ದರೆ ನೋಡಿ ಪರೀಕ್ಷಿಸಿ ಎಂಬ ಅರ್ಥದ ಮಾತು ಹೇಳಿದ್ದಾನೆ. ನೋಡಿ ಪರೀಕ್ಷಿಸುವ ಆ ಅಭ್ಯಾಸ ನಡುವೆ ಎಲ್ಲೋ ಸಡಿಲವಾಯಿತು. ಭೌತವಿಜ್ಞಾನಿ ಮೇಘನಾದ ಸಹಾ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ ಜಾರಿಗೆ ಬಂದ ರಾಷ್ಟ್ರೀಯ ಶಕ ಪಂಚಾಂಗದ ತಿಂಗಳುಗಳು ಋತುಗಳಿಗೇ ಕಟ್ಟಿಕೊಂಡಿವೆ. ಅದು ಸರ್ಕಾರಿ ರಾಜಪತ್ರದ ತಲೆಬರಹಕ್ಕೆ ಸೀಮಿತವಾಯಿತು. ಹಬ್ಬವನ್ನು ಪಂಚಾಂಗದಂತೆ ಮಾಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಮಗಳ ಉತ್ತರಪತ್ರಿಕೆಯಲ್ಲಿ ಮಾತ್ರ ಉತ್ತರಾಯಣ ಡಿಸೆಂಬರ್‌ನಲ್ಲಿರಲಿ.

ಈ ಸರಿತ ಒಂದೆರಡು ತಲೆಮಾರಿನಲ್ಲೇ ತಿಳಿಯುವಷ್ಟಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಮಕರ ಸಂಕ್ರಾಂತಿಯಂದು. ಆ ದಿನ ಜನವರಿ 12. 2024ರಲ್ಲಿ ಸಂಕ್ರಾಂತಿ ಬಂದದ್ದು ಜನವರಿ 15ಕ್ಕೆ. ಅಧಿಕ ವರ್ಷಗಳ ಹೊಂದಾಣಿಕೆಯಿಂದ ಒಂದು ದಿನ ಅತ್ತಿತ್ತ ಆಗುವುದನ್ನು ಬಿಟ್ಟರೂ 72 ವರ್ಷಕ್ಕೆ ಒಂದು ಡಿಗ್ರಿ, ಅಂದರೆ ಸುಮಾರು ಒಂದು ದಿನ, ಎಂಬ ಲೆಕ್ಕ ಎದ್ದು ಕಾಣುತ್ತದೆ.

ರೈತರ ಮಳೆನಕ್ಷತ್ರಗಳಿಗೂ ಇದೇ ಗತಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವುದು 13-14 ದಿನ. ಏಪ್ರಿಲ್ ಕೊನೆಯಿಂದ ಭರಣಿ, ಜೂನ್ 7-8ರಿಂದ ಮೃಗಶಿರ, ಹೀಗೆ ಮಳೆಗಳಿಗೆ ಹೆಸರು. ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯ ಹಿಂದೆ ಇರುವುದು ತಲೆಮಾರುಗಳ ಅನುಭವ, ಅದನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಮಳೆ ತರುವುದು ಅಕ್ಷದ ವಾಲಿಕೆ, ಮಳೆಗೆ ಹೆಸರು ಕೊಡುವುದು ನಕ್ಷತ್ರ. ಇವೆರಡೂ ಸುಮಾರು 955 ವರ್ಷಕ್ಕೆ ಒಂದು ಇಡೀ ನಕ್ಷತ್ರದಷ್ಟು ಸರಿದುಹೋಗುತ್ತವೆ. ಇದೇ ಹೆಸರಿನ ಪದ್ಧತಿಯನ್ನು ಹಿಂದಕ್ಕೆ ಒಯ್ದರೆ, ಇಂದು ಭರಣಿ ಮಳೆ ಎನಿಸಿಕೊಳ್ಳುವ ಕಾಲದ ಮಳೆಗೆ ಹೊಯ್ಸಳರ ಆರಂಭದ ದಿನಗಳಲ್ಲಿ ಸಲ್ಲುತ್ತಿದ್ದ ಹೆಸರು ಕೃತ್ತಿಕೆ.